ಹದಿನಾರು ಅಡಿಗೆ ಒಂದೇ ಸೆಕೆಂಡು

ಕೊರೊನಾ ಮುಗಿದ ಮರುವರ್ಷ ನಾನು ಗೋವಾದ ಮಡಗಾಂವದಲ್ಲಿ ಸಣ್ಣ ಸ್ಟುಡಿಯೋ ಒಂದರಲ್ಲಿ ಹಿರಿಯ ಆನಿಮೇಟರ್ ಆಗಿದ್ದೆ. ಹತ್ತಿರದ ವೆರ್ಣಾದ ಕಾರ್ಖಾನೆಯೊಂದರಿಂದ ಎರಡು ನಿಮಿಷದ ಸುರಕ್ಷತಾ ಚಿತ್ರದ ಕೆಲಸ ಬಂತು. ಅಲ್ಲಿ ವಿಜಯಪುರ ಕಡೆಯ ಕಾರ್ಮಿಕ ದಾವಲಸಾಬ ಹದಿನಾರು ಅಡಿ ಎತ್ತರದ ಅಟ್ಟಣಿಗೆಯಿಂದ ಬಿದ್ದು ತೀರಿಕೊಂಡಿದ್ದ. ಸುರಕ್ಷತಾ ಬೆಲ್ಟಿನ ಕೊಕ್ಕೆ ಸಿಕ್ಕಿಸಿರಲಿಲ್ಲ. ಆಗ ಪಕ್ಕದಲ್ಲಿ ನಿಂತಿದ್ದವನು ಅವನ ಹೆಂಡತಿಯ ಅಣ್ಣ ಹುಸೇನಸಾಬ.

ಸತ್ತವನ ಮನೆಯವರೂ ನೋಡುವ ಚಿತ್ರವೆಂದು ನಾನು ಮನುಷ್ಯರಿಗೆ ಮುಖ ಬರೆಯಲಿಲ್ಲ. ಬರೀ ಬಣ್ಣದ ಆಕಾರಗಳು. ಬೀಳುವುದನ್ನೂ ನಿಧಾನ ಮಾಡಿದೆ. ನಮ್ಮ ಕೆಲಸದಲ್ಲಿ ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ, ಅದನ್ನೇ ಫ್ರೇಮ್ ಎನ್ನುತ್ತೇವೆ. ಆ ಬೀಳುವಿಕೆಗೆ ನಾನು ಅರವತ್ತು ಫ್ರೇಮ್ ಕೊಟ್ಟೆ, ಅಂದರೆ ಎರಡೂವರೆ ಸೆಕೆಂಡು. ಹಗ್ಗದ ಮೇಲಿನ ಬಟ್ಟೆ ಗಾಳಿಗೆ ಹಾರಿ ಬೀಳುವ ಹಾಗೆ ನೀಲಿ ಆಕಾರ ಕೆಳಗಿಳಿಯುತ್ತಿತ್ತು. ಮೇಲೆ ಇನ್ನೊಂದು ಆಕಾರ ಅರ್ಧ ಕೈ ಚಾಚಿ ನಿಂತಿತ್ತು. ಸ್ಟುಡಿಯೋದವರೆಲ್ಲ ಭೇಷ್ ಎಂದರು. ನಾನೂ ಉಬ್ಬಿಹೋದೆ, ಮೂರ್ಖ!

ಬೆಳಗಿನ ಪಾಳಿಗೆ ಮೊದಲು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಚಿತ್ರ ತೋರಿಸಿದರು, ನಾನೂ ಹೋಗಿದ್ದೆ. ದಾವಲಸಾಬನ ಹೆಂಡತಿ ರಜಿಯಾ, ಗಂಡ ಹೋದ ಮೇಲೆ ಅಲ್ಲೇ ಅಡುಗೆ ಕೆಲಸಕ್ಕಿದ್ದಳು. ನೀಲಿ ಆಕಾರ ನೆಲ ಮುಟ್ಟುವಷ್ಟರಲ್ಲೇ ಜನ ಪರದೆ ಬಿಟ್ಟು ಹುಸೇನಸಾಬನ ಕಡೆ ತಿರುಗಿದ್ದರು. ರಜಿಯಾ ಎದ್ದು ನಿಂತಳು.

“ಇಷ್ಟ ಹೊತ್ತ ಇತ್ತೇನ ಅಣ್ಣಾ? ಕೈ ಹಿಡೀಲಿಲ್ಲ, ನೋಡಕೋತ ನಿಂತಿ?”

“ಹಿಂಗ ಇರಲಿಲ್ಲವ್ವಾ, ಅಲ್ಲಾನ ಆಣಿ,” ಎಂದ ಅವನು.

ಯಾರೂ ನಂಬಿದಂತೆ ಕಾಣಲಿಲ್ಲ. ತಪ್ಪು ನನ್ನದೆಂದು ಅಲ್ಲೇ ಹೇಳಬೇಕಿತ್ತು. ನಾಚಿಕೆಗೆಟ್ಟವನು, ಹಿಂದಿನ ಬಾಗಿಲಿಂದ ಹೊರಟುಬಂದೆ.

ನಾಲ್ಕನೇ ದಿನ ಹುಸೇನಸಾಬ ಸ್ಟುಡಿಯೋಗೇ ಬಂದ. ತಂಗಿ ಅವನೊಡನೆ ಮಾತು ಬಿಟ್ಟಿದ್ದಳು. ಜಗಳಕ್ಕೆ ಬಂದನೆಂದುಕೊಂಡೆ. ಅವನು ಕುರ್ಚಿಯ ತುದಿಗೆ ಕೂತು ಕೇಳಿದ:

“ಸಾಹೇಬ್ರ, ನನಗ ಎಷ್ಟ ಟೈಮ್ ಇತ್ತು, ಖರೇ ಹೇಳ್ರಿ. ನಾ ತಿರುಗೂದ್ರಾಗ ಅಂವ ಇರಲಿಲ್ಲ. ಈಗ ನಿಮ್ಮ ಪಿಚ್ಚರ್ ನೋಡಿದಮ್ಯಾಲೆ ನನಗೂ ಟೈಮ್ ಇತ್ತು ಅನಸಾಕತ್ತೈತ್ರಿ.”

ಅವನ ಎದುರಿಗೇ ಶಾಲೆಯ ಭೌತಶಾಸ್ತ್ರದ ಲೆಕ್ಕ ಹಾಕಿದೆ. ಹದಿನಾರು ಅಡಿ ಬೀಳಲು ಒಂದೇ ಸೆಕೆಂಡು. ಕೈಗೆಟಕುವ ಮೊದಲ ಮೂರು ಅಡಿ ದಾಟಲು ಅರ್ಧ ಸೆಕೆಂಡೂ ಬೇಡ. ಮುಖವಿಲ್ಲದ ಆಕಾರಗಳನ್ನು ಹಾಗೆಯೇ ಉಳಿಸಿ, ಅರವತ್ತು ಫ್ರೇಮನ್ನು ಇಪ್ಪತ್ನಾಲ್ಕಕ್ಕೆ ಇಳಿಸಿದೆ. ಚಾಚಿದ ಕೈ ಅಳಿಸಿಹಾಕಿದೆ.

ಮರುದಿನ ರಜಿಯಾಳನ್ನು ಕರೆಸಿ ಅಣ್ಣನ ಪಕ್ಕದಲ್ಲೇ ಕೂರಿಸಿ ತೋರಿಸಿದೆ. ನೀಲಿ ಬಣ್ಣ ಇತ್ತು, ಇಲ್ಲವಾಯಿತು.

“ಇಷ್ಟ ಹೊತ್ತ ಏನ್ರಿ?” ಎಂದಳು.

“ಇಷ್ಟ ಹೊತ್ತ ಅವ್ವಾ. ಮೊದಲಿಂದು ನನ್ನ ತಪ್ಪು.”

ಅವಳು ಅಣ್ಣನ ತೋಳು ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಕ್ಯಾಂಟೀನಿನಲ್ಲೂ ಹೊಸ ಚಿತ್ರವನ್ನೇ ತೋರಿಸಿ, ಎಲ್ಲರೆದುರು ತಪ್ಪೊಪ್ಪಿಕೊಂಡೆ.

ಆಮೇಲೆ ನನ್ನ ಕೈಕೆಳಗೆ ಕಲಿತವರಿಗೆಲ್ಲ ಒಂದೇ ಮಾತು ಹೇಳುತ್ತ ಬಂದಿದ್ದೇನೆ: ಬಣ್ಣ, ಆಕಾರ ನಿಮ್ಮಿಷ್ಟ. ಆದರೆ ನಿಜವಾಗಿ ಬಿದ್ದ ಮನುಷ್ಯನ ಭಾರವನ್ನೂ ಹೊತ್ತನ್ನೂ ಸೊಗಸಿಗಾಗಿ ಬದಲಿಸಬೇಡಿ. ಈ ಪಾಠಕ್ಕೆ ಬೆಲೆ ತೆತ್ತವನು ನಾನಲ್ಲ, ಬೇರೊಬ್ಬ.

ಕೆಲವು ತಿಂಗಳ ನಂತರ ಹುಸೇನಸಾಬ ಕಂಪನಿ ಬಸ್ಸಿನ ಬಳಿ ಸಿಕ್ಕಿದ. ಹೇಗಿದ್ದೀಯೆಂದು ಕೇಳಿದೆ.

“ತಂಗಿ ಮಾತಾಡ್ತಾಳ್ರಿ, ಆಕಿ ಮನಸ ಹಗೂರ ಆತು,” ಎಂದ. “ನಾ ಕಣ್ಣ ಮುಚ್ಚಿದ್ರ ಮಾತ್ರ ನೀವು ಮೊದಲ ಮಾಡಿದ್ದ ಕಾಣತೈತ್ರಿ. ಅಂವ ಭಾಳ ಸಾವಕಾಶ ಬೀಳ್ತಾನ.”