ನಾಲ್ಕನೇ ಜ್ವರದ ಸುಣ್ಣ

ಕೂಟಗಲ್ಲಿನಿಂದ ಒಳಕ್ಕೆ ಎರಡು ಮೈಲಿ ನಡೆದರೆ ಬಂಡೆಯ ಮಗ್ಗುಲಲ್ಲಿ ಬೋರಲಿಂಗಯ್ಯನ ಒಂದೂವರೆ ಎಕರೆ ಸಿಗುತ್ತದೆ. ಮುಕ್ಕಾಲು ಪಾಲು ರೇಷ್ಮೆ ಹುಳಕ್ಕೆ ಹಾಕುವ ಸೊಪ್ಪಿನ ಕಡ್ಡಿ, ಮಿಕ್ಕಿದ್ದು ರಾಗಿ. ಮನೆ ಹಿಂದೆ ಹಿತ್ತಲು. ಅಲ್ಲಿ ಬದನೆ, ಹೀರೆ ಬಳ್ಳಿ, ಒಂದು ಸೀಬೆ ಮರ, ಮುಡಿಯುವವರಿಲ್ಲದೆ ಉದುರಿಹೋಗುವಷ್ಟು ಕನಕಾಂಬರ. ಕೊಟ್ಟಿಗೆಯಲ್ಲಿ ಕೆಂಚಿ ಎಂಬ ಹಸು, ಅದರ ಕರು, ಹೇಳಿದ ಮಾತು ಕೇಳದ ಒಂದಷ್ಟು ಕೋಳಿ. ಇಷ್ಟನ್ನೂ ನೋಡಿಕೊಳ್ಳುವವಳು ಬೋರಲಿಂಗಯ್ಯನ ಹೆಂಡತಿ ಬೈರಮ್ಮ. ಆದರೆ ಊರಲ್ಲಿ ಯಾರನ್ನು ಕೇಳಿ, ಬೈರಮ್ಮ ಅಂದರೆ ಒಲೆ ಮೇಲೆ ಹಾಲಿಟ್ಟು ಮರೆತುಬಿಡುವ ಹೆಂಗಸು.

ಅದು ಸುಳ್ಳೇನಲ್ಲ. ಬೆಳಿಗ್ಗೆ ಸೊಪ್ಪು ಕೊಯ್ಯಲು ಕುಡುಗೋಲು ಹಿಡಿದು ಹೋದವಳು ಸಾಲಿನ ನಡುವೆ ಹಾಗೇ ನಿಂತುಬಿಡುತ್ತಾಳೆ. ಎದೆ ಮಟ್ಟದ ಗಿಡ, ಅದರ ಮೇಲೆ ಮಂಜು. ಬಂಡೆ ಕಡೆಯಿಂದ ಗಾಳಿ ಬಂದರೆ ಎಲೆಗಳೆಲ್ಲ ಒಟ್ಟಿಗೆ ಮಗುಚಿ ಬೆಳ್ಳಗಾಗುತ್ತವೆ, ಇಡೀ ತೋಟವೇ ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ. ಅದನ್ನು ನೋಡುತ್ತಾ ನಿಂತವಳಿಗೆ ತಾನು ಯಾರ ಮನೆಯವಳು, ಯಾವ ಕೆಲಸಕ್ಕೆ ಬಂದೆ ಎಂಬುದೆಲ್ಲ ಎಲ್ಲೋ ದೂರದಲ್ಲಿ ಯಾರಿಗೋ ಸಂಬಂಧಪಟ್ಟ ಸಂಗತಿ. ಕೊನೆಗೆ ಕೆಂಚಿ ಕೊಟ್ಟಿಗೆಯಿಂದ ಕೂಗಬೇಕು. ಆಗ ಕುಡುಗೋಲಿಗೆ ಜೀವ ಬರುತ್ತದೆ.

ಅವಳಿಗೆ ಇನ್ನೂ ಇಷ್ಟವಾದ ಜಾಗ ಹುಳುಮನೆ. ಎರಡು ಸ್ಟ್ಯಾಂಡು, ಒಂದೊಂದಕ್ಕೆ ನಾಲ್ಕು ಅಂತಸ್ತು, ಒಟ್ಟು ಎಂಟು ಅಂತಸ್ತಿನ ತುಂಬ ಹುಳ. ಹೊಸ ಸೊಪ್ಪು ಹಾಕಿದ ಕೂಡಲೇ ಸದ್ದು ಶುರು. ಮಳೆ ಹುಯ್ದ ಹಾಗೆ ಅಂತ ಎಲ್ಲರೂ ಹೇಳುತ್ತಾರೆ. ಬೈರಮ್ಮನಿಗೆ ಹಾಗೆ ಕೇಳಿಸುವುದಿಲ್ಲ. ಮದುವೆ ಮನೆಯ ಪಕ್ಕದ ಕೋಣೆಯಲ್ಲಿ ನೂರಾರು ಜನ ಹೊಸ ಸೀರೆ ಉಟ್ಟು, ಮಾತಿಲ್ಲದೆ ಬರೀ ಓಡಾಡುತ್ತಿದ್ದಾರೆ ಎನಿಸುತ್ತದೆ. ಕಣ್ಣು ಮುಚ್ಚಿದರೆ ಸಾಕು, ಸೆರಗಿನ ಬಣ್ಣವೂ ಕಾಣುತ್ತದೆ.

ರೇಷ್ಮೆ ಹುಳ ನಾಲ್ಕು ಸಲ ತಿನ್ನುವುದು ಬಿಟ್ಟು, ತಲೆ ಎತ್ತಿ, ಒಂದು ದಿನ ಕದಲದೆ ಕೂರುತ್ತದೆ. ಆಮೇಲೆ ಹಳೇ ಚರ್ಮ ಕಳಚಿ ಏಳುತ್ತದೆ. ಅದಕ್ಕೆ ಈ ಕಡೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳದ ಮೇಲೆ ಸುಣ್ಣದ ಪುಡಿ ಉದುರಿಸಿ, ಏಳುವ ತನಕ ಸೊಪ್ಪು ನಿಲ್ಲಿಸಬೇಕು. ಹೊತ್ತಿಗೆ ಮುಂಚೆ ಉದುರಿಸಿದರೆ ಹಸಿದ ಹುಳ ಹಸಿದೇ ಕೂರುತ್ತದೆ. ಆಮೇಲೆ ಎಷ್ಟು ತಿನ್ನಿಸಿದರೂ ಗೂಡು ಗಟ್ಟಿ ಬರುವುದಿಲ್ಲ. ಆ ಹೊತ್ತು ಯಾವುದು ಅಂತ ಹೇಳುವುದು ಮೂವತ್ತು ವರ್ಷದಿಂದ ಬೋರಲಿಂಗಯ್ಯನ ಕೆಲಸ. ಸೊಪ್ಪು ಕೊಯ್ಯುವುದು, ಹೊರುವುದು, ಹಾಕುವುದು, ಹಿಕ್ಕೆ ಬಳಿಯುವುದು ಬೈರಮ್ಮನ ಕೆಲಸ. ದಿನವಿಡೀ ಹುಳದ ಮುಖ ನೋಡುವವಳು ಅವಳು, ಬಾಗಿಲಲ್ಲಿ ನಿಂತು ತೀರ್ಪು ಹೇಳುವವನು ಅವನು.

ಈ ಸಲ ಹುಳ ಮೂರನೇ ಜ್ವರದಿಂದ ಎದ್ದ ಮಾರನೇ ದಿನ ಬೋರಲಿಂಗಯ್ಯನ ಬಲಗಣ್ಣಿನ ಪೊರೆ ತೆಗೆದರು. ಎಡಗಣ್ಣಿಗೂ ಪೊರೆ ಬಂದಿತ್ತು, ಅದರ ಸರದಿ ಆಮೇಲೆ. ಕಪ್ಪು ಕನ್ನಡಕ ಕೊಟ್ಟು, ಒಂದು ತಿಂಗಳು ಧೂಳು, ಹೊಗೆ, ಸುಣ್ಣದ ಹತ್ತಿರ ಸುಳಿಯಬೇಡಿ ಅಂತ ಡಾಕ್ಟರು ಹೇಳಿ ಕಳಿಸಿದರು. ಅಲ್ಲಿಗೆ ಹುಳುಮನೆ ಬಾಗಿಲು ಅವನಿಗೆ ಬಂದ್ ಆಯಿತು. ಸಿಟ್ಟಿನ ಮನುಷ್ಯ ಜಗಲಿ ಮೇಲೆ, ಹುಳುಮನೆಯ ಕಿಟಕಿಗೆ ಬೆನ್ನು ಕೊಟ್ಟು ಕೂತ. ಕೂತಲ್ಲಿಂದಲೇ ಕೋಳಿಗೆ ಬೈದ, ಬಸ್ಸಿಗೆ ಬೈದ, ಬಿಸಿಲಿಗೂ ಬೈದ. ಈ ಬೆಳೆ ಕೆಟ್ಟರೆ ಕಡ್ಡಿಯನ್ನೆಲ್ಲ ಕಿತ್ತು ತೆಂಗು ಹಾಕಿಬಿಡುತ್ತೇನೆ, ಕಣ್ಣಿಲ್ಲದವನಿಗೆ ಹುಳದ ಸಹವಾಸ ಬೇಡ ಅಂತ ದಿನಕ್ಕೆ ಮೂರು ಸಲ ಹೇಳಿದ. ಬರೀ ಬಾಯಿಮಾತೂ ಅಲ್ಲ, ಸಸಿಗೆ ಹೇಳಿಯೂ ಕಳಿಸಿದ್ದ. ಬೈರಮ್ಮ ಹುಳವಿಲ್ಲದ ಮನೆ ಹೇಗಿರುತ್ತದೆ ಅಂತ ಯೋಚಿಸಲು ಹೋಗಿ, ಆ ಮನೆಯೊಳಗೆ ಒಂದು ಸದ್ದೂ ಕೇಳದೆ, ಅರ್ಧದಲ್ಲೇ ಹೊರಗೆ ಬಂದಳು.

ನಾಲ್ಕನೇ ಜ್ವರದ ದಿನ ಬಂತು. ಮಗಳು ಶ್ವೇತ ಎಂದಿನಂತೆ ಆರರ ಬಸ್ಸಿಗೆ ಬಿಡದಿಯ ಫ್ಯಾಕ್ಟರಿಗೆ ಹೊರಟುಹೋಗಿದ್ದಳು. ಬೈರಮ್ಮ ತೋಟಕ್ಕೆ ಹೋದಳು, ನಿಂತಳು, ಮಂಜು ಕರಗುವುದನ್ನು ನೋಡಿದಳು. ಬಿಸಿಲು ಏರಿತೆಂದು ಗಾಬರಿಯಾಗಿ ಮೂರು ಹೊರೆ ಕೊಯ್ಯಬೇಕಾದ ಕಡೆ ಎರಡೇ ಹೊರೆ ತಂದು, ತೆಳ್ಳಗೆ ಹರಡಿದಳು.

ಮಧ್ಯಾಹ್ನದ ಹೊತ್ತಿಗೆ ಹುಳುಮನೆ ಸದ್ದಡಗಿತು. ಜಗಲಿಯಲ್ಲಿ ಬೋರಲಿಂಗಯ್ಯ ಕಿವಿ ನಿಮಿರಿಸಿದ. ಅವನ ಲೆಕ್ಕದ ಪ್ರಕಾರವೂ ಅದೇ ದಿನ.

“ಬೈರಿ, ಸದ್ದು ನಿಂತೋಯ್ತು. ಜ್ವರಕ್ಕೆ ಕೂತ್ಕಂಡವೆ. ಸುಣ್ಣ ಹಾಕು,” ಎಂದ.

ಅವಳು ಒಳಗೆ ನೋಡಿದಳು. ಕಡ್ಡಿಗಳ ಮೇಲೆ ಒಂದು ಎಲೆಯೂ ಉಳಿದಿರಲಿಲ್ಲ. ಸದ್ದು ನಿಂತದ್ದು ಸೊಪ್ಪು ಮುಗಿದದ್ದಕ್ಕೆ. ಕೆಲವು ಹುಳ ಕೂತಿದ್ದವು, ನಿಜ. ಹೆಚ್ಚಿನವು ಬೋಳು ಕಡ್ಡಿಯ ಮೇಲೆ ತಲೆಯನ್ನು ಅತ್ತಿತ್ತ ಆಡಿಸುತ್ತಾ ಹುಡುಕುತ್ತಿದ್ದವು. ಅದನ್ನು ಹೇಳಬೇಕಿತ್ತು. ಹೇಳಿದರೆ ಸೊಪ್ಪು ಯಾಕೆ ಮುಗಿಯಿತು ಅಂತ ಕೇಳುತ್ತಾನೆ. ಒಂದು ಹೊರೆ ಕಡಿಮೆ ತಂದೆ ಅನ್ನಬೇಕು. ಯಾಕೆ ಅಂದರೆ ಮಂಜು ನೋಡುತ್ತಾ ನಿಂತಿದ್ದೆ ಅನ್ನಬೇಕು. ಐವತ್ತೆರಡು ವರ್ಷದ ಹೆಂಗಸು ಆ ಮಾತನ್ನು ಯಾವ ಬಾಯಲ್ಲಿ ಆಡುವುದು? ಜರಡಿ ಹಿಡಿದು ಕೆಳಗಿನ ಅಂತಸ್ತಿಗೆ ಸುಣ್ಣ ಉದುರಿಸಿದಳು. ಪಕ್ಕದ ಸ್ಟ್ಯಾಂಡಿನ ಕೆಳ ಅಂತಸ್ತಿಗೂ ಉದುರಿಸಿದಳು.

ಆ ಪುಡಿಯೊಳಗಿಂದ ಒಂದು ಹುಳ ಎದ್ದು ಬಂತು. ತಲೆಯ ಮೇಲೆ ಸುಣ್ಣ ಹೊತ್ತುಕೊಂಡೇ ಗಾಳಿಯಲ್ಲಿ ಸೊಪ್ಪು ಹುಡುಕಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಮದುವೆ ಮನೆಯಲ್ಲಿ ಊಟಕ್ಕೆ ಕೂತವರನ್ನು ಎಬ್ಬಿಸಿ ಎಲೆ ಎಳೆದ ಹಾಗಾಯಿತು ಬೈರಮ್ಮನಿಗೆ. ಜರಡಿ ಕೆಳಗಿಟ್ಟಳು. ಹಿತ್ತಲ ಬಾಗಿಲಿಂದ ತೋಟಕ್ಕೆ ಹೋದಳು. ಈ ಸಲ ಎಲ್ಲೂ ನಿಲ್ಲಲಿಲ್ಲ. ಒಂದು ಹೊರೆ ತಂದು ಎಂಟು ಅಂತಸ್ತಿಗೂ ಹಾಸಿದಳು, ಸುಣ್ಣ ಬಿದ್ದವುಗಳ ಮೇಲೂ.

ಬಿಸಿಲು ಇಳಿಯುವಾಗ ಹೊಸ ಸೀರೆಗಳ ಸದ್ದು ಮತ್ತೆ ಎದ್ದಿತು. ಜಗಲಿಯ ಮನುಷ್ಯನಿಗೂ ಕೇಳಿಸಿತು. ಎದ್ದು ಬಂದು ಕಿಟಕಿಯ ಸರಳು ಹಿಡಿದು ನಿಂತ. ಬಾಯಿಗೆ ಬಂದಂತೆ ಬೈದ. ಜ್ವರದ ಹುಳಕ್ಕೆ ಸೊಪ್ಪು ಹಾಕುವ ಬುದ್ಧಿ ಯಾವ ಮನೆಯದು ಅಂತ ಅವಳ ತವರಿನ ತನಕ ಹೋಗಿ ಬಂದ. ಅವಳು ಕೈಯ ಸುಣ್ಣ ಕೊಡವಿಕೊಂಡು ಕಿಟಕಿಯ ಹತ್ತಿರ ಬಂದಳು.

“ಒಸಿ ಸುಮ್ಕಿರಿ. ಸೊಪ್ಪು ಮುಗುದಿತ್ತು, ಅದ್ಕೇ ಸದ್ದು ನಿಂತಿದ್ದು. ನಾನೇ ಒಂದು ಹೊರೆ ಕಮ್ಮಿ ತಂದಿದ್ದೆ, ತೋಟದಲ್ಲಿ ಸುಮ್ನೆ ನಿಂತ್ಬುಟ್ಟಿದ್ದೆ. ನೀವು ಹೇಳುದ್ರಿ ಅಂತ ಎರಡು ಅಂತಸ್ತಿಗೆ ಸುಣ್ಣ ಹಾಕ್ಬುಟ್ಟಿವ್ನಿ. ಅವು ಏನಾಯ್ತವೋ ಗೊತ್ತಿಲ್ಲ. ಮಿಕ್ಕಿದ್ದುಕ್ಕೆ ನನ್ನ ಕಣ್ಣಿಗೆ ಕಾಣೋಗಂಟ ಹಾಕಲ್ಲ.”

“ನಿನ್ನ ಕಣ್ಣು ಯಾವತ್ತು ಇಲ್ಲಿತ್ತು?” ಎಂದ ಅವನು.

“ಇವತ್ತು ಐತೆ,” ಎಂದಳು.

ಅವನು ಮತ್ತೆ ತೆಂಗಿನ ಮಾತು ತೆಗೆದ, ಆದರೆ ಮೊದಲಿನಷ್ಟು ಜೋರಾಗಿ ಅಲ್ಲ. ಸಂಜೆ ಬಂದ ಶ್ವೇತ ಇಬ್ಬರ ಮುಖ ನೋಡಿ, ಜ್ವರ ಬಂದಿರೋದು ಹುಳಕ್ಕೋ ನಿಮಗೋ ಅಂತ ನಕ್ಕು ಒಳಗೆ ಹೋದಳು.

ಮಾರನೇ ದಿನ ಹೊತ್ತು ನೆತ್ತಿಗೆ ಬರುವ ತನಕ ಬೈರಮ್ಮ ಹುಳುಮನೆ ಬಿಟ್ಟು ಕದಲಲಿಲ್ಲ. ಹಾಕಿದ ಸೊಪ್ಪು ಅಂತಸ್ತುಗಳ ಮೇಲೆ ಹಾಗೇ ಹಸಿರಾಗಿತ್ತು, ಸದ್ದು ಇರಲಿಲ್ಲ. ಒಂದೊಂದು ಅಂತಸ್ತಿಗೂ ಬಗ್ಗಿದಳು. ಎಲ್ಲ ತಲೆಗಳೂ ಮೇಲಕ್ಕೆ, ಮೈ ಬಿಗಿದು ಹೊಳೆಯುತ್ತಿತ್ತು. ಎಲ್ಲವೂ ಸೇರಿ ಒಂದೇ ಕನಸಿಗೆ ಇಳಿದಿದ್ದವು. ಅದರೊಳಗೆ ತಾನೂ ಒಂದು ಹೆಜ್ಜೆ ಇಟ್ಟು, ಹಿಂದಕ್ಕೆ ಬಂದು, ಆರು ಅಂತಸ್ತಿಗೂ ಸುಣ್ಣ ಉದುರಿಸಿದಳು. ಯಾರನ್ನೂ ಕೇಳಲಿಲ್ಲ.

ಎದ್ದ ಹುಳ ಒಂದು ವಾರ ಮೇಯ್ದವು. ಕಡ್ಡಿ ಬೋಳಾಯಿತು. ಕೆಂಚಿ ಉಳಿಕೆ ಸೊಪ್ಪು ತಿಂದು ಹಾಲು ಜಾಸ್ತಿ ಕೊಟ್ಟಿತು. ಆರು ಅಂತಸ್ತಿನ ಹುಳ ಬೆರಳು ಗಾತ್ರವಾದವು. ಸುಣ್ಣ ಬೇಗ ಬಿದ್ದ ಎರಡು ಅಂತಸ್ತಿನವು ಸಣ್ಣವಾಗಿಯೇ ಉಳಿದವು, ಕೆಲವು ಸತ್ತೂ ಹೋದವು. ಅವಳು ಅದನ್ನು ಬಚ್ಚಿಡಲಿಲ್ಲ. ಬೋರಲಿಂಗಯ್ಯ ಕೇಳಿದಾಗ ಇದ್ದದ್ದು ಇದ್ದಂತೆ ಹೇಳಿದಳು. ಅವನು ಬೈಗುಳವನ್ನು ಕೋಳಿಗಳ ಕಡೆ ತಿರುಗಿಸಿದ. ಕೂತವೆ ಅಂದದ್ದು ತಾನೇ ಅಲ್ಲವೆ.

ಎಂಟನೇ ದಿನ ಬೆಳಿಗ್ಗೆ ಹಬೀಬ್ ಬಂದ. ತಿನ್ನುವುದು ಮುಗಿಸಿ ಹಣ್ಣಾದ ಹುಳ ಗೂಡು ಕಟ್ಟಲು ಬೇಕಾದ ಬಿದಿರಿನ ಚಂದ್ರಿಕೆಗಳನ್ನು ಊರೂರಿಗೆ ಬಾಡಿಗೆಗೆ ಕೊಡುವವನು ಅವನು. ಬೋರಲಿಂಗಯ್ಯ ತನ್ನ ಲೆಕ್ಕದಂತೆ ಫೋನು ಮಾಡಿ ಕರೆಸಿದ್ದ. ಗೂಡ್ಸ್ ಆಟೋದಲ್ಲಿ ಚಂದ್ರಿಕೆಗಳು ಒಂದಕ್ಕೊಂದು ಒರಗಿ, ಎಳೆಬಿಸಿಲಿಗೆ ದೊಡ್ಡ ದೊಡ್ಡ ಹೂವಿನಂತೆ ಕಂಡವು.

ಬೈರಮ್ಮ ಒಳಗೆ ಹೋಗಿ ಬಂದು, ಇವತ್ತು ಬೇಡ ಎಂದಳು.

“ನಾಳೆ ಬೇರೆ ಮನೆಗೆ ಮಾತು ಕೊಟ್ಟಿದ್ದೀನಿ ಅಕ್ಕ,” ಎಂದ ಹಬೀಬ್. ಆಮೇಲೆ ಜಗಲಿ ಕಡೆ ತಿರುಗಿದ. “ಗೌಡ್ರೆ, ನೀವು ಹೇಳಿ. ಇಳಿಸ್ಲೋ, ಬ್ಯಾಡ್ವೋ?”

ಬೋರಲಿಂಗಯ್ಯ ಕನ್ನಡಕ ಸರಿಮಾಡಿಕೊಂಡ. ಮೂವತ್ತು ವರ್ಷ ಆ ಪ್ರಶ್ನೆಗೆ ಉತ್ತರ ಅವನ ನಾಲಿಗೆಯ ತುದಿಯಲ್ಲಿರುತ್ತಿತ್ತು. ಅವನು ಇಳಿಸು ಅಂದರೆ ಹಬೀಬ್ ಇಳಿಸುತ್ತಾನೆ. ಹಣ್ಣಾಗದ ಹುಳ ಚಂದ್ರಿಕೆ ಮೇಲೆ ಹರಿದಾಡಿ ಕೆಳಗೆ ಬೀಳುತ್ತವೆ, ತೆಂಗಿನ ಸಸಿ ಬಂದೇ ಬರುತ್ತದೆ.

“ಒಂದು ಹುಳ ತತ್ತಾ,” ಎಂದ ಅವಳಿಗೆ.

ಎಲೆಯ ಮೇಲಿಟ್ಟು ತಂದಳು. ಅವನು ಎಲೆ ಪಕ್ಕಕ್ಕಿಟ್ಟು ಹುಳವನ್ನು ಅಂಗೈಗೆ ಹಾಕಿಕೊಂಡ. ಅದು ಅವನ ಒರಟು ಬೆರಳಿನುದ್ದಕ್ಕೂ ನಡೆದು, ತುದಿಯಲ್ಲಿ ನಿಂತು, ಬೆರಳನ್ನೇ ಸೊಪ್ಪಿನ ಹಾಗೆ ಮೂಸಿ ಬಾಯಿ ಹಾಕಿತು. ಅವನಿಗೆ ಕಚಗುಳಿಯಾಗಿರಬೇಕು, ಮುಖ ಸಡಿಲವಾಯಿತು.

“ಇನ್ನೂ ಹಸಿವು ಐತೆ ಇದ್ಕೆ,” ಎಂದ. ಆಟೋ ಕಡೆ ತಿರುಗಿದ. “ಲೇ ಹಬೀಬ, ಆ ಮನೆಗೆ ಇವನ್ನ ಇವತ್ತೇ ಕೊಟ್ಬುಟ್ಟು, ಅವ್ರಿಗೆ ಅಂತ ಇಟ್ಟಿರೋವ ನಮ್ಗೆ ತಂದ್ಕೊಡು. ಯಾವತ್ತು ಅಂತ ನನ್ನ ಕೇಳ್ಬ್ಯಾಡ. ಇವಳ್ನ ಕೇಳು.”

ಹಬೀಬ್ ಕೇಳಿದ. ಆರು ಅಂತಸ್ತು ನಾಳೆ ಮಧ್ಯಾಹ್ನ, ಎರಡು ಅಂತಸ್ತು ಅದರಾಚೆಗೆ ಎರಡು ದಿನ ಎಂದಳು ಬೈರಮ್ಮ. ಆಟೋ ಧೂಳೆಬ್ಬಿಸಿಕೊಂಡು ಹೊರಟಿತು. ಬೋರಲಿಂಗಯ್ಯ, ವಾರದ ರಜೆಗೆ ಮನೆಯಲ್ಲಿದ್ದ ಶ್ವೇತಳನ್ನು ಕೂಗಿ ಫೋನು ತರಿಸಿಕೊಂಡು, ತೆಂಗಿನ ಸಸಿಯವನಿಗೆ ಈ ವರ್ಷ ಬೇಡ ಅಂತ ಹೇಳಿದ. ಹುಳ ಇನ್ನೂ ಅವನ ಕೈಯಲ್ಲೇ ಇತ್ತು. ಅದನ್ನು ಯಾರಾದರೂ ಒಳಕ್ಕೆ ತಗೊಂಡು ಹೋಗಿ ಸೊಪ್ಪಿನ ಮೇಲೆ ಬಿಡಿ ಅಂತ ಎರಡು ಸಲ ಹೇಳಬೇಕಾಯಿತು. ಬೈರಮ್ಮ ಆಟೋ ಹೋದ ದಾರಿಯನ್ನೇ ನೋಡುತ್ತಾ ನಿಂತಿದ್ದಳು.