ಕಾಫಿಪುಡಿ ಮೆತ್ತಿದ ಗಾಯ

ನನ್ನ ಗಂಡ ಕಾಲು ಜಾರಿ ಬಿದ್ದು, ತೆಂಗಿನಕಾಯಿ ಸುಲಿಯುವ ಕಬ್ಬಿಣದ ಮೊನೆ ಅವರ ಮೀನಖಂಡಕ್ಕೆ ಹೊಕ್ಕಾಗ ನಾನು ಸಂತೆಗೆ ಹೋಗಿದ್ದೆ. ಬರುವಷ್ಟರಲ್ಲಿ ಅತ್ತೆ ಡಬ್ಬದಲ್ಲಿದ್ದ ಕಾಫಿಪುಡಿಯನ್ನೆಲ್ಲ ಗಾಯಕ್ಕೆ ಮೆತ್ತಿ, ಹಳೇ ಪಂಚೆ ಹರಿದು ಕಟ್ಟಿದ್ದರು. ರಕ್ತವೇನೋ ನಿಂತಿತ್ತು. ನಮ್ಮ ಕಡೆ ಕುಡುಗೋಲು ತಾಗಿದರೂ ಮೊದಲು ಕಾಫಿಪುಡಿ, ಆಮೇಲೆ ಮಿಕ್ಕ ಮಾತು. ಆದರೆ ಇವರಿಗೆ ಸಕ್ಕರೆ ಕಾಯಿಲೆ. ಎರಡು ದಿನ ಕಳೆಯುವುದರೊಳಗೆ ಕಾಲು ಬಾತುಕೊಂಡು ಜ್ವರ ಬಂತು.

ಕಡೂರಿನ ಡಾಕ್ಟರು ಆ ಪುಡಿಯನ್ನು ತೊಳೆದು ತೊಳೆದು ಸುಸ್ತಾದರು. "ಈಗ ಹೊಲಿದ್ರೆ ಕೀವು ಒಳಗೇ ಉಳಿಯುತ್ತೆ, ಕಾಲೇ ಹೋಗಬಹುದು. ತೆರೆದೇ ಇರ್ಲಿ. ಒಳಗೆ ಕೆಂಪಗೆ ಮಾಂಸ ಬಂದ್ಮೇಲೆ ಹೊಲಿಯೋಣ" ಅಂದರು. ಯಾವಾಗ ಅಂತ ಕೇಳಿದರೆ, "ಗಾಯಾನೇ ಹೇಳುತ್ತೆ" ಅಂದರು. ಗಾಯ ಹೇಳುವುದನ್ನು ಕೇಳಲಿಕ್ಕೆ ದಿನಾ ಪಂಚನಹಳ್ಳಿಯಿಂದ ಬಸ್ಸು ಹತ್ತಬೇಕಾದವಳು ನಾನು.

ಬಸ್ಸಿನಲ್ಲಿ ಇವರ ಕಾಲನ್ನು ಯಾರೂ ತುಳಿಯದ ಹಾಗೆ ನನ್ನ ಕಾಲು ಅಡ್ಡ ಇಟ್ಟು ಕೂರುತ್ತಿದ್ದೆ. ಮನೆಗೆ ಬಂದರೆ, "ಇನ್ನೂ ಹೊಲಿಗೆ ಹಾಕ್ಲಿಲ್ವಾ?" ಎಂದು ವಿಚಾರಿಸುವವರ ಕಾಟ. ಕೇಳಿ ಕೇಳಿ ರೇಗಿ ಇವರು ಒಂದು ದಿನ, "ತರೀಕೆರೇಲಿ ಯಾರೋ ಹೋದ ತಕ್ಷಣ ಹೊಲಿದು ಕಳಿಸ್ತಾರಂತೆ, ಹೋಗ್ಬತ್ತೀನಿ" ಎಂದು ಎದ್ದರು. ನಾನು ಬೈಕಿನ ಕೀಯನ್ನು ಸೆರಗಿಗೆ ಕಟ್ಟಿಕೊಂಡೆ.

"ಹೊಲಿಗೆ ಬೇಕೋ ಕಾಲು ಬೇಕೋ, ಒಂದು ಹೇಳಿ. ನಂಗೂ ಸಾಕಾಗೈತೆ ಕಣ್ರೀ."

ಇವರು ಕಾಲು ಚಾಚಿ ಮತ್ತೆ ಕೂತರು.

ಅತ್ತೆಯ ಮೇಲೂ ನನಗೆ ಕೆಟ್ಟ ಕೋಪವಿತ್ತು. ಬಾಯಿಬಿಟ್ಟು ಏನೂ ಅನ್ನಲಿಲ್ಲ, ಬೇಕಾದ್ದಕ್ಕಷ್ಟೇ ಮಾತು. ಎದ್ದ ಕೂಡಲೇ ಕಾಫಿ ಬೀಳದಿದ್ದರೆ ತಲೆನೋವು ಎನ್ನುತ್ತಿದ್ದ ಆಕೆ, ಪುಡಿಯಿಂದಲೇ ಕೀವಾಯಿತೆಂದು ಡಾಕ್ಟರು ಹೇಳಿದ್ದನ್ನು ಕೇಳಿದ ಮೇಲೆ ಕಾಫಿ ಮುಟ್ಟಿರಲಿಲ್ಲ. ಅದು ಗೊತ್ತಿದ್ದೂ ನಾನು ವಿಚಾರಿಸಲಿಲ್ಲ. ನನಗೆ ಅದಕ್ಕೂ ತ್ರಾಣವಿರಲಿಲ್ಲ.

ಕೊನೆಗೊಂದು ದಿನ ಡಾಕ್ಟರು ಗಾಯ ನೋಡಿ, "ಇವತ್ತು ಹೊಲಿಯೋಣ" ಅಂದರು. ಮನೆಗೆ ಬಂದವಳೇ ಸೀರೆಯನ್ನೂ ಬದಲಿಸದೆ ಕಾಫಿ ಮಾಡಿ ಅತ್ತೆಯ ಮುಂದಿಟ್ಟೆ.

"ಹೊಲಿಗೆ ಹಾಕಿದ್ರು ಅತ್ತೆ. ಕುಡೀರಿ."

ಅವರು ಲೋಟ ಎತ್ತಿಕೊಂಡು ಮೂಸಿ ನೋಡಿ, ನನ್ನ ಕಡೆಗೇ ಸರಿಸಿದರು. "ಹೊಲಿಗೆ ಬಿಚ್ಲಿ ಕಣವ್ವ. ಈಗ್ಲೇ ಗಂಟ್ಲಲ್ಲಿ ಇಳಿಯಕ್ಕಿಲ್ಲ."

ನನಗೆ ಅಳು ಬಂತು. ಬಲವಂತ ಮಾಡಲಿಲ್ಲ. ಆ ಕಾಫಿಯನ್ನು ನಾನೇ ಕುಡಿಯುತ್ತ ಗೋಡೆಗೊರಗಿ ಕೂತೆ. ಅಷ್ಟು ದಿನಗಳಲ್ಲಿ ನಾನು ಅವರ ಪಕ್ಕ ಕೂತದ್ದು ಅದೇ ಮೊದಲು.