ಷೆನ್ ಮೇಷ್ಟ್ರು ಕಂಡ ಹಳದಿ

ಷೆನ್ ಗುವಾಂಗ್‌ಲಿನ್ ಮೊದಲು ಕ್ಯಾಮೆರಾ ಹಿಡಿದದ್ದು ಚೀನಾದ ಷಿಯಾನ್ ಊರಿನ ಸ್ಟುಡಿಯೋದಲ್ಲಿ. ಆಗ ಫಿಲ್ಮಿಗೆ ಎಂಥ ಬರವೆಂದರೆ, ಶಾಟಿನ ನಡುವೆ ನಟನಿಗೆ ಸೀನು ಬಂದರೆ ನಾಲ್ಕು ಜನ ಓಡಿಹೋಗಿ ಮೂಗು ಹಿಡಿಯುತ್ತಿದ್ದರಂತೆ. ಎರಡನೇ ಟೇಕಿನ ಮಾತೇ ಇಲ್ಲ. ಹೀಗಾಗಿ ಬೆಳಕನ್ನು ಬರಿಗಣ್ಣಲ್ಲೇ ಅಳೆಯುವುದು ರೂಢಿಯಾಯಿತು. ಮೋಡ ಇನ್ನೂ ಪಕ್ಕದ ಜಿಲ್ಲೆಯಲ್ಲಿರುವಾಗಲೇ ಇವರು ಲೆನ್ಸ್ ತಿರುಗಿಸಿ ಸಿದ್ಧ.

ನಲವತ್ತು ದಾಟಿದ ಮೇಲೆ ಅಡಿಲೇಡಿಗೆ ಬಂದರು. ಮದುವೆ, ದ್ರಾಕ್ಷಿತೋಟ, ಕುರಿ ಹರಾಜು, ಕರೆದದ್ದಕ್ಕೆಲ್ಲ ಹೋದರು. ಕುರಿಗಳೂ ಅವರೆದುರು ಮುಖದ ಒಳ್ಳೆಯ ಮಗ್ಗುಲು ತೋರಿಸಿ ನಿಲ್ಲುತ್ತಿದ್ದವು. ಆಮೇಲೆ ಪರ್ತಿನಲ್ಲಿ ಹನ್ನೊಂದು ವರ್ಷ ಪಾಠ. ಕೊನೆಗೆ ಬ್ರಿಸ್ಬೇನಿನ ಒಂದು ಫಿಲ್ಮ್ ಶಾಲೆ, ಅದೇ ಊರಿನ ಕ್ಯಾಲಮ್‌ವೇಲಿನಲ್ಲಿ ಮನೆ.

ತರಗತಿಯಲ್ಲಿ ಅವರದು ಒಂದೇ ಕಾನೂನು: ಬಣ್ಣ ತಿದ್ದುವಾಗ ಕಂಪ್ಯೂಟರಿನ ಅಳತೆ ನೋಡಕೂಡದು. "ಯಂತ್ರಕ್ಕೇ ಕಣ್ಣಿದ್ದರೆ ಸಂಬಳವನ್ನೂ ಅದಕ್ಕೇ ಕೊಡಲಿ," ಎನ್ನುತ್ತಿದ್ದರು.

ದಾವಣಗೆರೆಯ ನಿಹಾರಿಕಾ ಡಿಪ್ಲೊಮಾಕ್ಕೆ ಮಾಡಿದ ಚಿತ್ರ ಆಸ್ಪತ್ರೆಯ ಲಾಂಡ್ರಿಯದು. ಅವಳು ಪಾರ್ಟ್‌ಟೈಮ್ ದುಡಿಯುತ್ತಿದ್ದುದೂ ಅಲ್ಲೇ. ಪರದೆಯ ತುಂಬ ಹಾಸಿಗೆ ಬಟ್ಟೆ.

"ಹಳದಿ," ಎಂದರು ಷೆನ್.

"ಸರ್, ಬಿಳೀನೇ ಇದೆ."

"ಅರಿಶಿನದಲ್ಲಿ ಅದ್ದಿದ ಹಾಗಿದೆ. ನೀಲಿ ಹಾಕು."

ಮೂರು ಸಲ ತಂದಳು, ಮೂರು ಸಲವೂ ಹಿಂದಕ್ಕೆ. ಅವರ ಸಹಿಯಿಲ್ಲದೆ ಡಿಪ್ಲೊಮಾ ಇಲ್ಲ. ಗಡುವಿಗೆ ಉಳಿದದ್ದು ಒಂದು ತಿಂಗಳು.

"ನೀಲಿ ಹಾಕ್ಬಿಡೇ, ನಾವೆಲ್ಲ ಹಾಕ್ಲಿಲ್ವಾ?" ಎಂದ ಸಹಪಾಠಿ ಶ್ರೇಯಸ.

"ದಿನಾ ಆ ಬಟ್ಟೆ ಮಡಿಸೋಳು ನಾನು ಕಣೋ. ಹಾಕಲ್ಲ."

ಅವಳು ಬಾಡಿಗೆಗಿದ್ದದ್ದು ಕಣ್ಣಿನ ಡಾಕ್ಟರ್ ಪದ್ಮಾ ಅವರ ಮನೆಯಲ್ಲಿ. ಊಟಕ್ಕೆ ಕೂತಾಗ ದೂರು ಹೇಳಿದಳು.

"ನಿಮ್ಮ ಮೇಷ್ಟ್ರಿಗೆ ವಯಸ್ಸೆಷ್ಟೇ?"

"ಅರವತ್ತೊಂಬತ್ತು, ಆಂಟಿ."

"ಹಳದಿ ನಿನ್ನ ಪಿಕ್ಚರಲ್ಲಿಲ್ಲ ಬಿಡು. ಅವರ ಕಣ್ಣಿಗೆ ಪೊರೆ ಬಂದಿರತ್ತೆ, ಬಿಳೀದೆಲ್ಲ ಹಳದಿ ಕಾಣತ್ತೆ. ಕರ್ಕೊಂಡ್ ಬಾ."

ಕಣ್ಣಿನ ಡಾಕ್ಟರ ಬಳಿಗೆ ಷೆನ್‌ರನ್ನು ಕರೆದೊಯ್ಯುವುದೆಂದರೆ ಆನೆಯನ್ನು ಲಿಫ್ಟಿಗೆ ಹತ್ತಿಸಿದಂತೆ. ಹತ್ತು ದಿನ ಹಿಡಿಯಿತು. ಪೊರೆ ಎರಡೂ ಕಣ್ಣಿಗಿತ್ತು. ಮೊದಲು ಬಲಗಣ್ಣಿನ ಆಪರೇಷನ್ ಆಯಿತು.

ಗಡುವಿಗೆ ಎರಡು ದಿನವಿರುವಾಗ ಬಂದು ಅವಳ ಚಿತ್ರ ಹಾಕಿಸಿದರು. ಬಲಗಣ್ಣು ಮುಚ್ಚಿ ನೋಡಿದರು, ಎಡಗಣ್ಣು ಮುಚ್ಚಿ ನೋಡಿದರು. ಮತ್ತೆ ಬಲ, ಮತ್ತೆ ಎಡ. ಹಳೆಯ ಕಣ್ಣಿಗೆ ಹಳದಿ, ಹೊಸ ಕಣ್ಣಿಗೆ ಬಿಳಿ. ಸಹಿ ಹಾಕಿದರು.

ಆಮೇಲೆ ಹಿಂದಿನ ಮೂರು ವರ್ಷದ ವಿದ್ಯಾರ್ಥಿಗಳ ಚಿತ್ರಗಳನ್ನು ತರಿಸಿದರು. ಸಮುದ್ರ ನೀಲಿಯಾಗಿದ್ದದ್ದೇನೋ ಸರಿ, ಮದುಮಗಳೂ ನೀಲಿ, ತಟ್ಟೆಯಲ್ಲಿದ್ದ ಅನ್ನವೂ ನೀಲಿ.

"ಇದಕ್ಕೆ ನಾನು ತೊಂಬತ್ತು ಕೊಟ್ಟಿದ್ದೆ," ಎಂದರು ಷೆನ್.

ತಪ್ಪು ತನ್ನದು, ಈ ಚಿತ್ರಗಳನ್ನು ಮತ್ತೆ ತಿದ್ದಿಸಬೇಕು ಎಂದು ಅಲ್ಲೇ ಕೂತು ಶಾಲೆಗೆ ಪತ್ರ ಬರೆದರು. ಎಡಗಣ್ಣಿನ ಆಪರೇಷನ್ ಆಗಿ ಎರಡೂ ಕಣ್ಣು ಒಂದೇ ಬಣ್ಣ ಹೇಳುವವರೆಗೂ ನಿಹಾರಿಕಾಳನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು.

"ಇದು?"

"ನೀಲಿ, ಸರ್."

"ಎಷ್ಟು?"

"ಬೇಜಾರ್ ಮಾಡ್ಕೋಬೇಡಿ. ತುಂಬಾ."

ಷೆನ್ ಅದನ್ನೂ ಬರೆದುಕೊಂಡು, ಮುಂದಿನದನ್ನು ಹಾಕಿಸಿದರು.